ಎಳೆಯುವ ವಾಹನಕ್ಕೆ ಎಂಥ ಬ್ರೇಕ್ ಲೈನಿಂಗ್? ದರಪಟ್ಟಿ ಕರೆಯುವ ಮುನ್ನ ತಿಳಿಯಬೇಕಾದ ಸಂಗತಿಗಳು

(ಗೋವಿಂದನಹಳ್ಳಿಯಲ್ಲಿ ಸೇರಿದ್ದ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯದಿಂದ ಹೆಸರಾದ ಈ ಊರಿನಲ್ಲಿ ನಿಂತು ನಾನು ಬ್ರೇಕ್ ಲೈನಿಂಗಿನ ವಿಷಯ ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನಮ್ಮ ಸಾಮಾನ್ಯ ಸಭೆಗಳಲ್ಲಿ ಕುಡಿಯುವ ನೀರು, ವಸತಿ, ಉದ್ಯೋಗ ಖಾತರಿ, ಬೀದಿದೀಪಗಳ ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. "ವಾಹನ ದುರಸ್ತಿ ಮತ್ತು ಬಿಡಿಭಾಗ" ಎಂಬ ವಿಷಯ ಬರುವುದು ಕಾರ್ಯಸೂಚಿಯ ಕೊನೆಯಲ್ಲಿ. ಊಟದ ಹೊತ್ತಾಗಿರುತ್ತದೆ, ಅರ್ಧ ನಿಮಿಷದಲ್ಲಿ ಅನುಮೋದನೆಯಾಗುತ್ತದೆ. ಆ ಅರ್ಧ ನಿಮಿಷದ ಬಗ್ಗೆಯೇ ನಾನು ಇಂದು ಮಾತನಾಡುತ್ತೇನೆ.

ನನ್ನದೇ ಒಂದು ತಪ್ಪು

ಹಿಂದೆ ನಾನು ಕೆಲಸ ಮಾಡುತ್ತಿದ್ದ ಪಂಚಾಯಿತಿಯೊಂದರಲ್ಲಿ ಬೇಸಿಗೆಯ ನೀರು ಪೂರೈಕೆಗೆ ಒಂದು ಟ್ರ್ಯಾಕ್ಟರು, ಅದರ ಹಿಂದೆ ಐದು ಸಾವಿರ ಲೀಟರಿನ ಟ್ಯಾಂಕರು ಇದ್ದವು. ಬ್ರೇಕು ಸವೆದಿದೆಯೆಂದು ಚಾಲಕರು ತಿಳಿಸಿದರು. ಮೂರು ದರಪಟ್ಟಿ ತರಿಸಿದೆವು, ತುಲನಾ ಪಟ್ಟಿ ಸಿದ್ಧವಾಯಿತು, ಕಡಿಮೆ ದರದ್ದಕ್ಕೆ ನಾನು ಸಹಿ ಹಾಕಿದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಇದ್ದ ವ್ಯತ್ಯಾಸ ಕೆಲವು ನೂರು ರೂಪಾಯಿ.

ಕೆಲವೇ ವಾರಗಳ ನಂತರ, ತುಂಬಿದ ಟ್ಯಾಂಕರಿನೊಂದಿಗೆ ಕೆರೆ ಏರಿಯಿಂದ ಊರೊಳಕ್ಕೆ ಇಳಿಯುವಾಗ ಟ್ರ್ಯಾಕ್ಟರು ನಿಲ್ಲಲಿಲ್ಲ. ಇಳಿಜಾರಿನ ಕೊನೆಯಲ್ಲಿ ಕೊಡ ಹಿಡಿದು ಕಾಯುತ್ತಿದ್ದ ಹೆಂಗಸರು, ಮಕ್ಕಳು ಇದ್ದರು. ಚಾಲಕರು ಸಮಯಪ್ರಜ್ಞೆಯಿಂದ ಪಕ್ಕದ ಕುಯ್ಲಾದ ರಾಗಿ ಹೊಲಕ್ಕೆ ತಿರುಗಿಸಿದರು. ಬದುವಿಗೆ ಸಿಕ್ಕಿ ಗಾಡಿ ನಿಂತಿತು. ನೀರು ಹೊಲದ ಪಾಲಾಯಿತು, ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ಚಾಲಕರು ಬಿಚ್ಚಿದ ಲೈನಿಂಗನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅದು ಸವೆದಿರಲಿಲ್ಲ. ಗಾಜಿನಂತೆ ಹೊಳೆಯುತ್ತಿತ್ತು. "ಸಾರ್, ಕಾಲು ಒತ್ತಿದ್ದು ಒತ್ತಿದಂಗೇ ಇತ್ತು, ಗಾಡಿ ಮಾತ್ರ ನಿಲ್ಲಲಿಲ್ಲ" ಎಂದರು.

ನಾನು ಕಡತ ತೆಗೆದು ನೋಡಿದೆ. ದರದ ಅಂಕಣ ಅಚ್ಚುಕಟ್ಟಾಗಿತ್ತು. ವಿವರದ ಅಂಕಣದಲ್ಲಿ ಇದ್ದದ್ದು "ಬ್ರೇಕ್ ಲೈನಿಂಗ್, 1 ಸೆಟ್" ಎಂದಷ್ಟೇ. ಆ ವಾಹನ ಏನನ್ನು ಎಳೆಯುತ್ತದೆ, ಎಷ್ಟು ಭಾರ, ಎಂಥ ದಾರಿ ಎಂಬ ಒಂದು ಮಾತೂ ಇರಲಿಲ್ಲ. ಅಂಗಡಿಯವರು ನಾವು ಕೇಳಿದ್ದನ್ನು ಕೊಟ್ಟಿದ್ದರು. ಎಂಜಿನಿಯರಿಂಗ್ ಓದಿದ ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ. ಆದ್ದರಿಂದ ಇಂದು ಹೇಳುವ ಮಾತಿನ ಸಾರ ಇಷ್ಟೇ: ಲೈನಿಂಗನ್ನು ವಾಹನಕ್ಕೆ ಮಾತ್ರ ಹೊಂದಿಸಿದರೆ ಸಾಲದು, ಅದು ಎಳೆಯುವ ಭಾರಕ್ಕೂ ಹೊಂದಿಸಬೇಕು, ಆ ವಿವರವನ್ನು ದರ ಕೇಳುವ ಮುನ್ನವೇ ಬರೆಯಬೇಕು.

ಭಾರ ಹೆಚ್ಚಿದರೆ ಬ್ರೇಕಿಗೆ ಏನಾಗುತ್ತದೆ?

ಬ್ರೇಕು ಮಾಡುವ ಕೆಲಸ ಓಟವನ್ನು ಶಾಖವನ್ನಾಗಿ ಪರಿವರ್ತಿಸುವುದು. ಒಂದು ಸರಳ ಲೆಕ್ಕ ನೋಡೋಣ. ಟ್ರ್ಯಾಕ್ಟರಿನ ತೂಕ ಸುಮಾರು 2,200 ಕೆ.ಜಿ., ಖಾಲಿ ಟ್ಯಾಂಕರಿನದು 1,300 ಕೆ.ಜಿ., ಒಳಗಿನ ನೀರು 5,000 ಕೆ.ಜಿ. ಎಂದಿಟ್ಟುಕೊಳ್ಳಿ. ಒಟ್ಟು ಎಂಟೂವರೆ ಟನ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಈ ಭಾರವನ್ನು ಬ್ರೇಕಿನಿಂದಲೇ ಒಮ್ಮೆ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖ ಸುಮಾರು 295 ಕಿಲೋಜೂಲ್. ಮನೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಟ್ಯಾಂಕರಿಲ್ಲದ ಟ್ರ್ಯಾಕ್ಟರನ್ನು ಅದೇ ವೇಗದಿಂದ ನಿಲ್ಲಿಸಿದರೆ ಹುಟ್ಟುವುದು ಅದರ ಕಾಲು ಭಾಗ ಮಾತ್ರ.

ಇಳಿಜಾರಿನಲ್ಲಿ ಇನ್ನೂ ಕಷ್ಟ. ಇದೇ ಭಾರವನ್ನು ಬರೀ ಬ್ರೇಕು ಹಿಡಿದು ಹತ್ತು ಮೀಟರ್ ಎತ್ತರದಷ್ಟು ಇಳಿಸಿದರೆ ಸುಮಾರು ಮೂರು ಲೀಟರ್ ನೀರು ಕುದಿಸುವಷ್ಟು ಶಾಖ ಆ ಸಣ್ಣ ತಟ್ಟೆಗಳಲ್ಲಿ ಸೇರುತ್ತದೆ. ಮೇಲುಕೋಟೆ ಬೆಟ್ಟದಿಂದ ಭಾರ ಎಳೆದುಕೊಂಡು ಇಳಿಯುವ ಚಾಲಕರಿಗೆ ಬ್ರೇಕು ಸುಟ್ಟ ವಾಸನೆ ಏಕೆ ಬರುತ್ತದೆ ಎಂಬುದಕ್ಕೆ ಇದೇ ಉತ್ತರ.

ಅಗ್ಗದ, ಮೆದು ಜಾತಿಯ ಲೈನಿಂಗಿನಲ್ಲಿ ನಾರು ಮತ್ತು ಪುಡಿಯನ್ನು ಅಂಟಿನಂಥ ರಾಳದಿಂದ ಹಿಡಿದಿಟ್ಟಿರುತ್ತಾರೆ. ಮಿತಿ ಮೀರಿ ಕಾದಾಗ ಆ ರಾಳ ಸುಡತೊಡಗಿ ಅನಿಲ ಬಿಡುತ್ತದೆ, ಹಿಡಿತ ಕುಸಿಯುತ್ತದೆ. ತಣ್ಣಗಾದ ಮೇಲೆ ಮೇಲ್ಮೈ ಗಾಜಿನಂತೆ ಗಟ್ಟಿಯಾಗುತ್ತದೆ. ನನ್ನ ಮೇಜಿನ ಮೇಲೆ ಹೊಳೆಯುತ್ತಿದ್ದದ್ದು ಅದೇ. ಗ್ಯಾರೇಜಿನ ಮುಂದೆ ಖಾಲಿ ಗಾಡಿ ಓಡಿಸಿ "ಬ್ರೇಕ್ ಚೆನ್ನಾಗಿದೆ" ಎಂದು ಪರೀಕ್ಷಿಸಿದರೆ ಈ ದೋಷ ಕಾಣುವುದಿಲ್ಲ. ತಣ್ಣಗಿರುವಾಗ ಎಲ್ಲ ಲೈನಿಂಗೂ ಒಳ್ಳೆಯದೇ.

ಮೊದಲು ನಮ್ಮ ವಾಹನದ ಬ್ರೇಕು ಯಾವುದೆಂದು ತಿಳಿಯೋಣ

ಪಂಚಾಯಿತಿಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ ಕಾಣಸಿಗುತ್ತದೆ.

ಒಂದು, ಹಳೆಯ ಟ್ರ್ಯಾಕ್ಟರುಗಳ ಒಣ ಡಿಸ್ಕ್ ಬ್ರೇಕು. ಇದರ ಲೈನಿಂಗ್ ತಟ್ಟೆಗಳನ್ನು ಬದಲಿಸಬಹುದು. ಎಣ್ಣೆಯ ಸೀಲು ಸೋರಿದರೆ ಹೊಸ ಲೈನಿಂಗೂ ಒಂದೇ ದಿನದಲ್ಲಿ ಹಾಳು. ಎಣ್ಣೆ ಕುಡಿದ ಲೈನಿಂಗನ್ನು ತೊಳೆದು, ಉಜ್ಜಿ ಮತ್ತೆ ಹಾಕಬಾರದು.

ಎರಡು, ಹೊಸ ಟ್ರ್ಯಾಕ್ಟರುಗಳ ಎಣ್ಣೆಯಲ್ಲಿ ಮುಳುಗಿದ ಡಿಸ್ಕ್ ಬ್ರೇಕು. ಇದು ಬೇಗ ಸವೆಯುವುದಿಲ್ಲ, ಶಾಖವನ್ನು ಎಣ್ಣೆ ಹೊತ್ತೊಯ್ಯುತ್ತದೆ. ಆದರೆ ಇಲ್ಲಿ ಎಣ್ಣೆಯೇ ಬ್ರೇಕಿನ ಭಾಗ. ತಯಾರಕರು ಸೂಚಿಸಿದ ಗೇರ್ ಎಣ್ಣೆಯ ಬದಲು ಕೈಗೆ ಸಿಕ್ಕ ಅಗ್ಗದ ಎಣ್ಣೆ ತುಂಬಿದರೆ ಕರಕರ ಸದ್ದು ಬಂದು, ತಟ್ಟೆಗಳು ಜಾರತೊಡಗುತ್ತವೆ. ಇಂಥ ಟ್ರ್ಯಾಕ್ಟರಿಗೆ ಎಣ್ಣೆಯ ದರಪಟ್ಟಿಯೂ ಬ್ರೇಕಿನ ದರಪಟ್ಟಿಯೇ.

ಮೂರು, ಪಿಕಪ್ ಮತ್ತು ಕಸ ಸಂಗ್ರಹಣೆಯ ಸಣ್ಣ ಸರಕು ವಾಹನಗಳು. ಇವುಗಳಲ್ಲಿ ಸಾಮಾನ್ಯವಾಗಿ ಮುಂದಿನ ಗಾಲಿಗಳಿಗೆ ಡಿಸ್ಕ್, ಅದಕ್ಕೆ ಪ್ಯಾಡ್. ಹಿಂದಿನ ಗಾಲಿಗಳಿಗೆ ಡ್ರಮ್, ಅದಕ್ಕೆ ಲೈನಿಂಗ್ ಅಂಟಿಸಿದ ಶೂ. ಜನರೇಟರು, ಕಾಂಕ್ರೀಟು ಮಿಕ್ಸರು ಅಥವಾ ಸಣ್ಣ ಟ್ಯಾಂಕರನ್ನು ಕಟ್ಟಿ ಎಳೆಯುವ ಪಿಕಪ್ಪಿಗೆ ನಾನು ಮುಂದೆ ಹೇಳುವ ಪ್ಯಾಡಿನ ಆಯ್ಕೆ ಬಹಳ ಮುಖ್ಯ.

ಆಯ್ಕೆಯಲ್ಲಿ ನೋಡಬೇಕಾದ್ದು

ಮೊದಲನೆಯದು, ಬಿಡಿಭಾಗದ ಸಂಖ್ಯೆ. "ಅದೇ ಅಳತೆ, ಕೂರುತ್ತದೆ" ಎಂಬುದು ಸಾಕಾಗುವುದಿಲ್ಲ. ವಾಹನದ ಮಾದರಿ, ತಯಾರಾದ ವರ್ಷ ಹಾಗೂ ಚಾಸಿ ಸಂಖ್ಯೆಗೆ ಹೊಂದುವ ಬಿಡಿಭಾಗದ ಸಂಖ್ಯೆಯನ್ನು ತಯಾರಕರ ಕೈಪಿಡಿಯಿಂದ ಬರೆದುಕೊಳ್ಳಬೇಕು.

ಎರಡನೆಯದು, ಪ್ಯಾಡಿನ ಜಾತಿ. ನಾರು ಮತ್ತು ರಾಳ ಪ್ರಧಾನವಾದ ಪ್ಯಾಡು ಸದ್ದಿಲ್ಲದೆ, ಮೆತ್ತಗೆ ಹಿಡಿಯುತ್ತದೆ. ಹಗುರ ಬಳಕೆಗೆ ಸರಿ. ಉಕ್ಕಿನ ನಾರು, ಲೋಹದ ಪುಡಿ ಬೆರೆತ ಅರೆ-ಲೋಹದ ಪ್ಯಾಡು ಹೆಚ್ಚು ಶಾಖ ತಾಳುತ್ತದೆ. ಎಳೆಯುವ ಪಿಕಪ್ಪಿಗೆ ಸಾಮಾನ್ಯವಾಗಿ ಇದೇ ಸೂಕ್ತ. ಇದಕ್ಕೂ ಕೊರತೆಯಿದೆ: ಬೆಳಗಿನ ಮೊದಲ ಒತ್ತಿನಲ್ಲಿ ಹಿಡಿತ ತುಸು ಕಡಿಮೆ, ಸದ್ದು ಹೆಚ್ಚು, ಡಿಸ್ಕನ್ನು ಬೇಗ ಸವೆಸುತ್ತದೆ. ಸೆರಾಮಿಕ್ ಪ್ಯಾಡು ಧೂಳು ಮತ್ತು ಸದ್ದು ಕಡಿಮೆ ಎಂದು ಹೆಸರಾಗಿದೆ. ದರ ಹೆಚ್ಚೆಂಬ ಕಾರಣಕ್ಕೆ ಅದು ಭಾರದ ಕೆಲಸಕ್ಕೂ ಉತ್ತಮವೆಂದು ಭಾವಿಸಬೇಕಾಗಿಲ್ಲ. ಅತಿ ಅಗ್ಗದ್ದೂ ಅತಿ ದುಬಾರಿಯದೂ ಇಲ್ಲಿ ಒಂದೇ ಬಗೆಯ ತಪ್ಪಾಗಬಹುದು.

ಮೂರನೆಯದು, ಅಂಚಿನಲ್ಲಿ ಮುದ್ರಿಸಿರುವ ಎರಡು ಇಂಗ್ಲಿಷ್ ಅಕ್ಷರಗಳು. ಅನೇಕ ಪ್ಯಾಡುಗಳ ಅಂಚಿನಲ್ಲಿ ತಯಾರಕರ ಸಂಕೇತದ ಕೊನೆಗೆ 'ಇ', 'ಎಫ್', 'ಜಿ' ಇವುಗಳಲ್ಲಿ ಎರಡು ಅಕ್ಷರಗಳಿರುತ್ತವೆ. ಮೊದಲ ಅಕ್ಷರ ಸಾಮಾನ್ಯ ಉಷ್ಣತೆಯಲ್ಲಿನ ಘರ್ಷಣೆಯನ್ನೂ ಎರಡನೆಯದು ಕಾದಾಗಿನ ಘರ್ಷಣೆಯನ್ನೂ ಸೂಚಿಸುತ್ತದೆ. 'ಇ' ಎಂದರೆ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45, 'ಜಿ' ಎಂದರೆ 0.45ರಿಂದ 0.55. ಅಂದರೆ 'ಎಫ್' ಪ್ಯಾಡನ್ನು 100 ಕೆ.ಜಿ. ಬಲದಿಂದ ಒತ್ತಿದರೆ 35ರಿಂದ 45 ಕೆ.ಜಿ.ಯಷ್ಟು ಹಿಡಿತ ಸಿಗುತ್ತದೆ. ನಮಗೆ ಮುಖ್ಯವಾದದ್ದು ಎರಡನೆಯ ಅಕ್ಷರ. 'ಎಫ್ ಇ' ಎಂದಿದ್ದರೆ ಕಾದಾಗ ಹಿಡಿತ ಇಳಿಯುತ್ತದೆಂದು ತಯಾರಕರೇ ಹೇಳಿದಂತೆ. ಎಳೆಯುವ ವಾಹನಕ್ಕೆ 'ಎಫ್ ಎಫ್' ಎಂಬಂತೆ, ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿರದ ಪ್ಯಾಡನ್ನೇ ಕೇಳಬೇಕು. ಹಾಗೆಂದು ಮೂಲ ಪ್ಯಾಡಿಗಿಂತ ಮೇಲಿನ ಅಕ್ಷರವನ್ನು ನಾವೇ ಹುಡುಕಿ ಹಾಕುವುದೂ ಸರಿಯಲ್ಲ. ಮುಂದಿನ ಮತ್ತು ಹಿಂದಿನ ಗಾಲಿಗಳ ಹಿಡಿತದ ಸಮತೋಲನ ತಪ್ಪುತ್ತದೆ. ಈ ಅಕ್ಷರಗಳು ಬಾಳಿಕೆಯನ್ನಾಗಲಿ ಗುಣಮಟ್ಟವನ್ನಾಗಲಿ ಹೇಳುವುದಿಲ್ಲ ಎಂಬುದೂ ನೆನಪಿರಲಿ.

ನಾಲ್ಕನೆಯದು, ಗುಣಮಟ್ಟದ ಗುರುತು. ವಾಹನಗಳ ಬ್ರೇಕ್ ಲೈನಿಂಗಿಗೆ ಐಎಸ್ 2742 ಎಂಬ ಭಾರತೀಯ ಮಾನಕವಿದೆ. ಆ ಮಾನಕಕ್ಕೆ ಅನುಗುಣವಾಗಿರಬೇಕೆಂದು ಬರೆಯಬಹುದು. ಪೊಟ್ಟಣದ ಮೇಲೆ ಮಾತ್ರವಲ್ಲದೆ ಪ್ಯಾಡಿನ ಮೇಲೆಯೂ ತಯಾರಕರ ಹೆಸರು, ತಂಡದ ಸಂಖ್ಯೆ ಇರಬೇಕು. ಜಿಎಸ್‌ಟಿ ಬಿಲ್ಲಿಲ್ಲದೆ ಸ್ವೀಕರಿಸಬಾರದು.

ಐದನೆಯದು, ಆಸ್ಬೆಸ್ಟಾಸ್ ಬೇಡ. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಗ್ಯಾರೇಜಿನಲ್ಲಿ ಗಾಳಿ ಊದಿ ಡ್ರಮ್ಮಿನ ಧೂಳು ಹಾರಿಸುವಾಗ ಅದು ಸೇರುವುದು ಕೆಲಸದ ಹುಡುಗನ ಶ್ವಾಸಕೋಶಕ್ಕೆ. "ಆಸ್ಬೆಸ್ಟಾಸ್ ರಹಿತ" ಎಂಬ ಪದ ನಮ್ಮ ವಿವರಣೆಯಲ್ಲಿ ಇರಲಿ. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೇಳೋಣ.

ಪ್ಯಾಡಿನ ಜೊತೆಗೆ ಬದಲಿಸಬೇಕಾದ್ದು

ಒಂದು ಗಾಲಿಗೆ ಮಾತ್ರ ಪ್ಯಾಡು ಬದಲಿಸಿ ಹಣ ಉಳಿಸಬಾರದು. ಒಂದೇ ಅಚ್ಚಿನ ಎರಡೂ ಗಾಲಿಗಳಿಗೆ ಜೋಡಿಯಾಗಿ ಬದಲಿಸಬೇಕು. ಇಲ್ಲದಿದ್ದರೆ ಬ್ರೇಕು ಹಿಡಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನೂ ಡ್ರಮ್ಮಿನ ಮೇಲೆ ಗರಿಷ್ಠ ಒಳವ್ಯಾಸವನ್ನೂ ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಆ ಮಿತಿ ದಾಟಿದ್ದರೆ ಹೊಸ ಪ್ಯಾಡು ಹಾಕಿಯೂ ಫಲವಿಲ್ಲ. ತೆಳುವಾದ ಡಿಸ್ಕು ಶಾಖ ಹಿಡಿದಿಡಲಾರದು, ಬಿರುಕು ಬಿಡುತ್ತದೆ.

ಪಿಕಪ್ಪುಗಳಲ್ಲಿ ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವು 230 ಮತ್ತು 155. ಎಣ್ಣೆ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ಮುಟ್ಟುತ್ತದೆ, ಬ್ರೇಕು ಇರುವುದೇ ಇಲ್ಲ. ಆದ್ದರಿಂದ ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಒಳಿತು.

ಹೊಸ ಪ್ಯಾಡು ಹಾಕಿದ ಮಧ್ಯಾಹ್ನವೇ ತುಂಬಿದ ಟ್ಯಾಂಕರು ಕಟ್ಟಬಾರದು. ಖಾಲಿ ಗಾಡಿಯನ್ನು ಮಧ್ಯಮ ವೇಗದಲ್ಲಿ ಓಡಿಸಿ, ಹಗುರವಾಗಿ ಇಪ್ಪತ್ತು, ಮೂವತ್ತು ಸಲ ಬ್ರೇಕು ಹಿಡಿದು, ನಡುವೆ ತಣಿಯಲು ಬಿಟ್ಟು, ಪ್ಯಾಡು ಡಿಸ್ಕಿಗೆ ಪೂರ್ತಿ ಕೂರುವಂತೆ ಮಾಡಬೇಕು. ಇದಕ್ಕೆ ಒಂದು ದಿನ ಬೇಕು. ಬೇಸಿಗೆಯಲ್ಲಿ ಆ ಒಂದು ದಿನ ಬಿಟ್ಟುಕೊಡುವುದು ಕಷ್ಟವೆಂದು ನನಗೆ ಗೊತ್ತು. ಅದಕ್ಕಾಗಿಯೇ ಈ ಕೆಲಸವನ್ನು ಶಿವರಾತ್ರಿಗೆ ಮೊದಲೇ ಮುಗಿಸಿಕೊಳ್ಳಬೇಕು.

ಲೈನಿಂಗಿನಿಂದ ಆಗದ ಕೆಲಸ

ಎಷ್ಟೇ ಒಳ್ಳೆಯ ಲೈನಿಂಗ್ ಹಾಕಿದರೂ ಅದು ಗಾಲಿಯನ್ನು ಹಿಡಿಯಬಲ್ಲದು. ನೆಲವನ್ನು ಹಿಡಿಯಬೇಕಾದ್ದು ಟೈರು. ನಮ್ಮ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ, ಟ್ರೇಲರಿಗೆ ಸ್ವಂತ ಬ್ರೇಕು ಇರುವುದಿಲ್ಲ. ಎಂಟೂವರೆ ಟನ್ನಿನ ಆ ಜೋಡಿಯನ್ನು ಒಣ ರಸ್ತೆಯಲ್ಲಿ 30 ಕಿಲೋಮೀಟರ್ ವೇಗದಿಂದ ನಿಲ್ಲಿಸಲು, ಚಾಲಕರ ಕಾಲು ಪೆಡಲಿಗೆ ಹೋಗುವ ಸಮಯವನ್ನೂ ಸೇರಿಸಿದರೆ, ನನ್ನ ಅಂದಾಜಿನ ಪ್ರಕಾರ 30 ಮೀಟರಾದರೂ ಬೇಕು. 20 ಕಿಲೋಮೀಟರ್ ವೇಗವಾದರೆ ಅದರ ಅರ್ಧದಷ್ಟು ಸಾಕು. ಹೊಸ ಟ್ಯಾಂಕರು ಅಥವಾ ಟ್ರೇಲರು ಕೊಳ್ಳುವಾಗ ಅದಕ್ಕೆ ತನ್ನದೇ ಬ್ರೇಕು ಇರಬೇಕೆಂದೂ, ನೀರು ಹಿಂದೆ ಮುಂದೆ ಅಪ್ಪಳಿಸದಂತೆ ಟ್ಯಾಂಕಿನೊಳಗೆ ಅಡ್ಡ ತಗಡುಗಳಿರಬೇಕೆಂದೂ ಕೇಳುವುದು ನಮ್ಮ ಕೈಯಲ್ಲಿದೆ.

ಟ್ರ್ಯಾಕ್ಟರಿನ ಎಡ, ಬಲ ಬ್ರೇಕ್ ಪೆಡಲುಗಳು ಬೇರೆ ಬೇರೆಯಾಗಿರುವುದು ಹೊಲದಲ್ಲಿ ತಿರುಗಿಸಲು. ರಸ್ತೆಗೆ ಬಂದೊಡನೆ ಕೊಂಡಿ ಹಾಕಿ ಎರಡನ್ನೂ ಒಂದಾಗಿಸಬೇಕು. ಒಂದೇ ಪೆಡಲು ಒತ್ತಿ ಹೋದರೆ ಟ್ರ್ಯಾಕ್ಟರು ಅಡ್ಡ ತಿರುಗಿ ಹಿಂದಿನ ಭಾರ ಅದರ ಮೇಲೆಯೇ ಏರುತ್ತದೆ. ಇಳಿಜಾರನ್ನು ಕೆಳಗಿನ ಗೇರಿನಲ್ಲಿ ಇಳಿಯಬೇಕು, ಕ್ಲಚ್ ಒತ್ತಿ ಅಥವಾ ಗೇರು ತೆಗೆದು ಇಳಿಯಬಾರದು. ಡೀಸೆಲ್ ಉಳಿಸಲೆಂದು ಹಾಗೆ ಮಾಡುವ ಅಭ್ಯಾಸ ನಮ್ಮಲ್ಲಿದೆ. ಲಾಗ್‌ಪುಸ್ತಕದಲ್ಲಿ ಡೀಸೆಲನ್ನು ಮಾತ್ರ ಪ್ರಶ್ನಿಸುವ ನಾವೂ ಆ ಅಭ್ಯಾಸಕ್ಕೆ ಸ್ವಲ್ಪ ಕಾರಣರು.

ನಮ್ಮದು ನಾಲೆಗಳ ಸೀಮೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಮೃತಪಟ್ಟದ್ದನ್ನು ನಾವಾರೂ ಮರೆತಿಲ್ಲ. ಆ ದುರಂತವನ್ನು ಬ್ರೇಕಿನ ವಿಷಯಕ್ಕೆ ನಾನು ಜೋಡಿಸುತ್ತಿಲ್ಲ. ನಾಲೆಯ ಏರಿ ರಸ್ತೆಯಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಜಾಗವಿರುವುದಿಲ್ಲ ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ. ನನಗೆ ಅಂದು ರಾಗಿ ಹೊಲ ಸಿಕ್ಕಿತು. ಎಲ್ಲರಿಗೂ ಹೊಲವೇ ಸಿಗುತ್ತದೆಂಬ ಭರವಸೆಯಿಲ್ಲ.

ಸದಸ್ಯರು ಮಾಡಬಹುದಾದ್ದು

"ಕಡಿಮೆ ದರ ಬಿಟ್ಟು ಹೆಚ್ಚಿನದಕ್ಕೆ ಹೋದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುವುದಿಲ್ಲವೇ?" ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಿವರಣೆ ಬರೆಯದೆ ದರಪಟ್ಟಿ ಕರೆದು, ಆಮೇಲೆ ಹೆಚ್ಚಿನ ದರ ಒಪ್ಪಿದರೆ ಆಕ್ಷೇಪಣೆ ಬರುತ್ತದೆ, ಬರಲೂಬೇಕು. ವಿವರಣೆಯನ್ನು ಮೊದಲೇ ಬರೆದು, ಅದನ್ನು ಪೂರೈಸಿದವರಲ್ಲಿ ಅತಿ ಕಡಿಮೆ ದರವನ್ನು ಒಪ್ಪಿದರೆ ಅದೇ ಪಾರದರ್ಶಕತೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಆಶಯವೂ ಅದೇ. ಪ್ಯಾಡು ಸಣ್ಣ ಮೊತ್ತದ ಖರೀದಿಯಾಗಿರಬಹುದು, ತತ್ವ ಬದಲಾಗುವುದಿಲ್ಲ.

ಮುಂದಿನ ಸಭೆಯ ನಡಾವಳಿಯಲ್ಲಿ ಈ ಒಕ್ಕಣೆಯನ್ನು ತಮ್ಮ ವಾಹನಕ್ಕೆ ತಕ್ಕಂತೆ ತಿದ್ದಿ ಬಳಸಬಹುದು:

"ಪಂಚಾಯಿತಿಯ ____ ಮಾದರಿಯ, ____ ಇಸವಿಯ ವಾಹನವು ____ ಕೆ.ಜಿ. ಒಟ್ಟು ಭಾರದ ಟ್ಯಾಂಕರು / ಟ್ರೇಲರನ್ನು ಇಳಿಜಾರು ರಸ್ತೆಯೂ ಸೇರಿದಂತೆ ಪ್ರತಿದಿನ ಎಳೆಯುತ್ತದೆ. ಇದಕ್ಕೆ ತಯಾರಕರ ಬಿಡಿಭಾಗ ಸಂಖ್ಯೆ ____ಕ್ಕೆ ಹೊಂದುವ, ಆಸ್ಬೆಸ್ಟಾಸ್ ರಹಿತವಾದ, ಐಎಸ್ 2742ಕ್ಕೆ ಅನುಗುಣವಾದ, ಕಾದಾಗಿನ ಘರ್ಷಣಾ ದರ್ಜೆ ಸಾಮಾನ್ಯ ದರ್ಜೆಗಿಂತ ಕಡಿಮೆಯಿಲ್ಲದ ಬ್ರೇಕ್ ಪ್ಯಾಡ್ / ಲೈನಿಂಗುಗಳನ್ನು ಅಚ್ಚಿನ ಎರಡೂ ಗಾಲಿಗಳಿಗೆ ಪೂರೈಸಿ ಅಳವಡಿಸುವುದು. ಡಿಸ್ಕ್ / ಡ್ರಮ್ಮಿನ ಅಳತೆಯನ್ನು ಲಿಖಿತವಾಗಿ ನೀಡುವುದು. ಬಿಚ್ಚಿದ ಹಳೆಯ ಭಾಗಗಳನ್ನು ಪಂಚಾಯಿತಿಗೆ ಹಿಂತಿರುಗಿಸುವುದು."

ಇದರೊಂದಿಗೆ ಮೂರು ಸಣ್ಣ ಪದ್ಧತಿಗಳು. ತಿಂಗಳಿಗೊಮ್ಮೆ ಪಿಕಪ್ಪಿನ ಪ್ಯಾಡಿನ ದಪ್ಪ ಅಳೆದು ಲಾಗ್‌ಪುಸ್ತಕದಲ್ಲಿ ಬರೆಯುವುದು. ಸಾಮಾನ್ಯ ವಾಹನಕ್ಕೆ ಮೂರು ಮಿಲಿಮೀಟರ್ ಕೊನೆಯ ಮಿತಿಯಾದರೆ, ಎಳೆಯುವ ವಾಹನಕ್ಕೆ ನಾಲ್ಕರಲ್ಲಿಯೇ ಬದಲಿಸುವುದು ಕ್ಷೇಮ. ಹಳೆಯ ಲೈನಿಂಗನ್ನು ಬಿಲ್ಲು ಪಾಸಾಗುವ ಮುನ್ನ ಸಭೆಯಲ್ಲಿ ಮೇಜಿನ ಮೇಲಿಟ್ಟು ನೋಡುವುದು. ಅದು ಸವೆದಿದೆಯೋ, ಹೊಳೆಯುತ್ತಿದೆಯೋ, ಎಣ್ಣೆ ಕುಡಿದಿದೆಯೋ ಎಂಬುದು ಯಾರ ಕಣ್ಣಿಗಾದರೂ ಕಾಣುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: "ಬ್ರೇಕು ಸರಿಯಿಲ್ಲ" ಎಂದು ಚಾಲಕರು ಹೇಳಿದ ದಿನ ಗಾಡಿಯನ್ನು ಹೊರಗೆ ಕಳಿಸದಿರುವುದು. ಆ ದಿನ ನೀರಿಗೆ ಬಾಡಿಗೆ ಟ್ಯಾಂಕರು ತರಿಸಬೇಕಾದರೆ ತರಿಸೋಣ. ಚಾಲಕರು ಗುತ್ತಿಗೆಯವರಾಗಿರಬಹುದು, ಕೆಲಸ ಹೋದೀತೆಂದು ಹೆದರಿ ಸುಮ್ಮನಿರಬಹುದು. ಹೆದರದೆ ಹೇಳುವಂತೆ ಮಾಡುವ ಅಧಿಕಾರ ತಮಗಿದೆ.

ಆ ಹೊಳೆಯುವ ಲೈನಿಂಗ್ ತಟ್ಟೆಯನ್ನು ನಾನು ಎಸೆಯಲಿಲ್ಲ. ವರ್ಗಾವಣೆಯಾದಾಗಲೂ ತಂದಿದ್ದೇನೆ, ಇಂದು ಈ ಮೇಜಿನ ಮೇಲಿದೆ. ಸಭೆ ಮುಗಿದ ಮೇಲೆ ದಯಮಾಡಿ ಒಮ್ಮೆ ಕೈಯಲ್ಲಿ ಹಿಡಿದು, ಬೆರಳಾಡಿಸಿ ನೋಡಿ. ಮುಂದಿನ ಬಾರಿ ಕಾರ್ಯಸೂಚಿಯ ಕೊನೆಯ ಪುಟದಲ್ಲಿ "ಬ್ರೇಕ್ ಲೈನಿಂಗ್, 1 ಸೆಟ್" ಎಂದು ಕಂಡಾಗ, "ಅದು ಏನನ್ನು ಎಳೆಯುತ್ತದೆ?" ಎಂದು ತಮ್ಮಲ್ಲಿ ಒಬ್ಬರಾದರೂ ಕೇಳಿದರೆ ನನ್ನ ಮಾತು ಸಾರ್ಥಕ.